ನಮ್ಮ ಪಾಡು, ಅವರ ಬಿಟ್ಟಿ

ಇಂಗ್ಲೆಂಡಿನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮೊದಲು ಮಳೆ-ಚಳಿಯ ಮಾತು, ಆಮೇಲೆ ಮನೆ ಬೆಲೆ, ಊಟದ ಹೊತ್ತಿಗೆ ಬೆನಿಫಿಟ್ಸ್, ಅಂದರೆ ಸರ್ಕಾರ ಕೊಡುವ ನೆರವಿನ ದುಡ್ಡು. ಮೂರನೆಯದಕ್ಕೆ ಬಂದಾಗ ದನಿ ಏರುತ್ತದೆ. "ನಾವು ಟ್ಯಾಕ್ಸ್ ಕಟ್ಟೋದು, ಅವ್ರು ಕೂತು ತಿನ್ನೋದು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಉಳಿದವರು ಹೂಂಗುಟ್ಟುತ್ತಾರೆ. ಅಲ್ಲಿಂದ ಮಾತು ಊರಿಗೆ ಹಾರುತ್ತದೆ. ಫ್ರೀ ಬಸ್ಸು, ತಿಂಗಳಿಗೆ ಎರಡು ಸಾವಿರ, ಇನ್ನೂರು ಯೂನಿಟ್ ಕರೆಂಟು. "ಅಲ್ಲೂ ಅದೇ ಕಥೆ ಬಿಡಿ" ಅನ್ನುವಷ್ಟರಲ್ಲಿ ಪಾಯಸ ಬಂದಿರುತ್ತದೆ.

ನಾನಿರುವುದು ರೆಡಿಂಗ್‌ನಲ್ಲಿ, ಲಂಡನ್ನಿಂದ ಪಶ್ಚಿಮಕ್ಕೆ. ಊರು ಸಾಗರದ ಕಡೆ. ಎರಡೂ ಕಡೆಯ ಈ ಸಿಟ್ಟನ್ನು ಕೇಳಿ ಕೇಳಿ ನನಗೊಂದು ಅಭಿಪ್ರಾಯ ಬಂದಿದೆ. ಉಳ್ಳವರಿಂದ ತಗೊಂಡು ಇಲ್ಲದವರಿಗೆ ಸರ್ಕಾರ ಕೊಡುವುದನ್ನು ಜನ ಯಾಕೆ ವಿರೋಧಿಸುತ್ತಾರೆ? ದುಡ್ಡಿನ ಆಸೆಗೆ ಅನ್ನುತ್ತಾರೆ ಎಡದವರು. ಖಜಾನೆಯ ಚಿಂತೆಗೆ ಅನ್ನುತ್ತಾರೆ ವಿರೋಧಿಸುವವರು. ನನಗೆ ಎರಡರ ಮೇಲೂ ಪೂರ್ತಿ ನಂಬಿಕೆ ಇಲ್ಲ. ತಾನು ಪಟ್ಟ ಪಾಡು ಯಾರ ಲೆಕ್ಕಕ್ಕೂ ಬರಲಿಲ್ಲವಲ್ಲ ಎಂಬ ನೋವು ಇದರ ಬುಡದಲ್ಲಿದೆ. ದುಡ್ಡು ಹೋದರೆ ಮನುಷ್ಯ ಗೊಣಗುತ್ತಾನೆ. ಪಾಡಿಗೆ ಬೆಲೆ ಇಲ್ಲ ಅನಿಸಿದರೆ ಉರಿದುಬೀಳುತ್ತಾನೆ.

ನಮ್ಮವರ ಸಿಟ್ಟಿಗೆ ಕಾರಣ ಇಲ್ಲದೇ ಇಲ್ಲ. ಕೆಲಸದ ವೀಸಾದ ಮೇಲೆ ಬಂದವರಿಗೆ ಮೊನ್ನೆ ಮೊನ್ನೆಯ ತನಕ ಒಂದು ಪ್ಲಾಸ್ಟಿಕ್ ಕಾರ್ಡು ಕೊಡುತ್ತಿದ್ದರು. ಹೆಸರು, ಫೋಟೋ, ಜೊತೆಗೆ ಸಣ್ಣಕ್ಷರದಲ್ಲಿ 'ನೋ ಪಬ್ಲಿಕ್ ಫಂಡ್ಸ್'. ಈಗ ಕಾರ್ಡು ಹೋಗಿ ಇ-ವೀಸಾ ಬಂದಿದೆ. ಷರತ್ತು ಎಲ್ಲೂ ಹೋಗಿಲ್ಲ. ಟ್ಯಾಕ್ಸು, ನ್ಯಾಷನಲ್ ಇನ್ಶೂರೆನ್ಸು ಎಲ್ಲರ ಹಾಗೇ ಕಟ್ಟಬೇಕು. ಕೆಲಸ ಹೋದರೆ ಯೂನಿವರ್ಸಲ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ತಿಂಗಳ ದುಡ್ಡು, ಕೇಳುವಂತಿಲ್ಲ. ಮಕ್ಕಳಿಗೆ ಚೈಲ್ಡ್ ಬೆನಿಫಿಟ್ ಇಲ್ಲ. ಇದರ ಮೇಲೆ ಆಸ್ಪತ್ರೆಯ ಸರ್‌ಚಾರ್ಜು ಬೇರೆ. 2015ರಲ್ಲಿ ಶುರುವಾದಾಗ ವರ್ಷಕ್ಕೆ 200 ಪೌಂಡ್ ಇತ್ತು. 2024ರ ಫೆಬ್ರವರಿಯಿಂದ ದೊಡ್ಡವರಿಗೆ 1,035, ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೂರು ವರ್ಷಕ್ಕೆ ಹೊರಟರೆ ಇದೊಂದಕ್ಕೇ ಹತ್ತು ಸಾವಿರ ಪೌಂಡಿಗೂ ಜಾಸ್ತಿ ಮುಂಗಡ ಇಳಿಸಬೇಕು. ಇಷ್ಟು ಕಟ್ಟಿ ಬಂದವನಿಗೆ ಪಕ್ಕದ ಮನೆಯವರು ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ, ಕೊಟ್ಟ ಅಗ್ಗದ ಬಾಡಿಗೆ ಮನೆಯಲ್ಲಿ ಇದ್ದಾರೆ ಅಂತ ಗೊತ್ತಾದರೆ ಹೊಟ್ಟೆ ಉರಿಯದೇ ಇರುತ್ತದಾ?

ಆದರೆ ಐದು ವರ್ಷ ಕಳೆದು ಐಎಲ್ಆರ್ ಸಿಕ್ಕಮೇಲೆ, ಅಂದರೆ ಇಲ್ಲೇ ಕಾಯಂ ಇರಬಹುದು ಅಂತಾದ ಮೇಲೆ, ಅವನೂ ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಬಹುದು. ಹಾಕುತ್ತಾನೆ ಕೂಡ. ಆಗಲಾದರೂ ಸಿಟ್ಟು ಇಳಿಯಬೇಕಲ್ವಾ? ಇಳಿಯುವುದಿಲ್ಲ. 2025ರ ಮೇ ತಿಂಗಳಲ್ಲಿ ಸರ್ಕಾರ ಈ ಐದು ವರ್ಷವನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪ ತಂತು. ವೀಸಾದಲ್ಲಿ ಇರುವವರಿಗೆ ನಿದ್ದೆ ಹಾರಿಹೋಯಿತು. ಆಗಲೇ ದಡ ಮುಟ್ಟಿದ್ದ ನಮ್ಮವರೇ ಕೆಲವರು "ಮಾಡ್ಲಿ ಬಿಡಿ, ಈಗ ಬರೋರಿಗೆ ಎಲ್ಲಾ ಸಲೀಸು" ಅಂದದ್ದನ್ನು ನಾನೇ ಕೇಳಿದ್ದೇನೆ. ಇದರಲ್ಲಿ ಅವರ ಜೇಬಿನಿಂದ ಒಂದು ಪೆನ್ನಿಯೂ ಹೋಗುವುದಿಲ್ಲ. ಹಿಂದೆ ಬರುವವನು ತಾನು ಕಾದಷ್ಟು ಕಾಯದೇ ಬಂದುಬಿಟ್ಟರೆ ತಾನು ಕಾದದ್ದಕ್ಕೆ ಅರ್ಥವೇನು ಎಂಬ ಸಂಕಟ ಅಷ್ಟೆ.

ಒಂದು ದೀಪಾವಳಿ ಕೂಟ. ಚರ್ಚ್ ಹಾಲನ್ನು ಬಾಡಿಗೆಗೆ ತಗೊಂಡಿದ್ದೆವು. ಮಡಚುವ ಟೇಬಲ್ಲಿನ ಮೇಲೆ ಬಿಸಿಬೇಳೆಬಾತಿನ ಪಾತ್ರೆ ಇಟ್ಟು ಬಡಿಸುತ್ತಿದ್ದೆವು. ತುಮಕೂರಿನ ಕಡೆಯ ಒಬ್ಬರು, ನನಗಿಂತ ಹಿರಿಯರು, ಸೌಟು ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿದರು. "ನಾನು ಬಂದ ಹೊಸದ್ರಲ್ಲಿ ಹೀಟಿಂಗ್ ಹಾಕ್ದೆ ಎರಡು ಸ್ವೆಟರ್ ಹಾಕ್ಕೊಂಡು ಮಲಗಿದೀನಿ. ನಮ್ಮ ಪಕ್ಕದ ಮನೆಯೋಳಿಗೆ ಎಲ್ಲಾ ಕೌನ್ಸಿಲ್ ಕೊಡುತ್ತೆ."

"ಆಕೆಗೆ ಕೊಡೋದು ನಿಲ್ಲಿಸಿದ್ರೆ ನಿಮಗೇನು ಸಿಗುತ್ತೆ ಸರ್?" ಅಂದೆ.

"ನನಗೇನೂ ಬೇಡ ರೀ. ಅವಳಿಗೂ ಗೊತ್ತಾಗ್ಲಿ ಅಂತ."

ಏನು ಗೊತ್ತಾಗಬೇಕಿತ್ತೋ ಅವರು ಹೇಳಲಿಲ್ಲ. ಚಳಿ ಅಂತ ನಾನು ಅರ್ಥ ಮಾಡಿಕೊಂಡೆ. ಅವರು ಕೆಟ್ಟವರಲ್ಲ. ಕೋವಿಡ್ ಸಮಯದಲ್ಲಿ ಊಟದ ಡಬ್ಬಿ ಕಟ್ಟಿಕೊಂಡು ಗುರುತಿಲ್ಲದ ಮನೆಗಳಿಗೆ ಹಂಚಿ ಬಂದವರು. ತಾವೇ ಕೈಯಾರೆ ಕೊಡುವುದಕ್ಕೆ ಎಷ್ಟು ಬೇಕಾದರೂ ಸಿದ್ಧ. ಸರ್ಕಾರ ಅವರನ್ನು ಕೇಳದೆ ತಗೊಂಡು ಕೊಟ್ಟರೆ ಮೈ ಉರಿಯುತ್ತದೆ.

ಈ ಭಾವನೆಯನ್ನು ಮತವಾಗಿ ಮಾಡಿಕೊಳ್ಳುವುದು ಇಲ್ಲಿನ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತು. 2012ರ ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಸಮಾವೇಶ ನಡೆಯಿತು. ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಒಂದು ಚಿತ್ರ ಬಿಡಿಸಿದರು. ಪಾಳಿ ಕೆಲಸದವನೊಬ್ಬ ಇನ್ನೂ ಕತ್ತಲಿರುವಾಗಲೇ ಮನೆ ಬಿಡುತ್ತಾನೆ. ತಲೆ ಎತ್ತಿ ನೋಡಿದರೆ ಪಕ್ಕದ ಮನೆಯ ಕಿಟಕಿ ಪರದೆ ಮುಚ್ಚಿದೆ. ಒಳಗಿರುವವನು ಬೆನಿಫಿಟ್ಸ್ ಮೇಲೆ ಬದುಕುತ್ತಾ ನಿದ್ದೆ ಹೊಡೆಯುತ್ತಿದ್ದಾನೆ. ಇದೆಲ್ಲಿಯ ನ್ಯಾಯ ಅಂತ ಕೇಳಿದರು. ಅಂಕಿ-ಅಂಶ ಏನೂ ಬೇಕಾಗಲಿಲ್ಲ. ಇಡೀ ದೇಶಕ್ಕೆ ಆ ಪರದೆ ಕಣ್ಣಿಗೆ ಕಟ್ಟಿತು.

ಆ ಚಿತ್ರದಲ್ಲಿ ಶ್ರೀಮಂತ ಎಲ್ಲೂ ಇಲ್ಲ, ನೋಡಿ. ಎರಡೂ ಮನೆ ಒಂದೇ ಬೀದಿಯವು. ಪಾಳಿಯವನಿಗೆ ಉರಿ ಬರಬೇಕಾದದ್ದು ಪಕ್ಕದವನ ಮೇಲೆ. ಅವನಿಗೆ ಸಂಬಳ ಜಾಸ್ತಿ ಮಾಡದ ಮಾಲೀಕ ಆ ಹೊತ್ತಿಗೆ ಯಾವ ಬೀದಿಯಲ್ಲಿ ಮಲಗಿರುತ್ತಾನೆ ಅಂತ ಭಾಷಣದಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಇದಕ್ಕೆ ಹತ್ತಿರದ ಒಂದು ವಿಷಯ ಕಂಡುಕೊಂಡಿದ್ದಾರೆ, 2014ರಲ್ಲಿ ಪ್ರಕಟವಾಯಿತು. ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅದನ್ನು ಏರಿಸುವುದಕ್ಕೆ ಎಲ್ಲರಿಗಿಂತ ಕಡಿಮೆ ಬೆಂಬಲ ಕೊಟ್ಟವರು ಅದಕ್ಕಿಂತ ಒಂದು ಡಾಲರ್ ಒಳಗೆ ಮೇಲಿದ್ದವರು. ದೊಡ್ಡ ಸಂಬಳದವರಿಗೆ ಅಷ್ಟು ವಿರೋಧ ಇರಲಿಲ್ಲ. ಕೆಳಗಿನವನು ಒಂದು ಮೆಟ್ಟಿಲು ಹತ್ತಿದರೆ ಕಟ್ಟಕಡೆಯವನು ತಾನಾಗುತ್ತೇನೆ ಎಂಬ ಭಯ ಅದು. ನಮ್ಮೂರಿನಲ್ಲಿ ಇದಕ್ಕೆ ಸಂಶೋಧನೆ ಬೇಕಿಲ್ಲ, ಯಾವ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತರೂ ಕಾರ್ಡಿನ ಬಣ್ಣದ ಜಗಳ ಕೇಳಿಸುತ್ತದೆ.

ಆ ಪರದೆಯ ಮಾತು ಮುಂದೆ ಕಾನೂನೇ ಆಯಿತು. 2017ರ ಏಪ್ರಿಲ್ 6ರಿಂದ ಹುಟ್ಟಿದ ಮೂರನೆಯ ಮಗುವಿಗೆ ಯೂನಿವರ್ಸಲ್ ಕ್ರೆಡಿಟ್‌ನ ನೆರವು ಇಲ್ಲ ಅಂತ ಮಾಡಿದರು. ಕೆಲಸ ಮಾಡುವವರು ಎಷ್ಟು ಮಕ್ಕಳು ಬೇಕು ಅಂತ ಲೆಕ್ಕ ಹಾಕಿ ಹೆರುತ್ತಾರೆ, ಬೆನಿಫಿಟ್ಸ್‌ನವರೂ ಹಾಕಲಿ ಅನ್ನುವ ವಾದ. ಇದರ ಪೆಟ್ಟು ಬಿದ್ದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದುಡಿಯುವವರದ್ದೇ ಆಗಿದ್ದವು. ಆದರೂ ಸಮೀಕ್ಷೆ ಮಾಡಿದಾಗಲೆಲ್ಲ ಜಾಸ್ತಿ ಜನ ಈ ಮಿತಿ ಇರಲಿ ಅಂದರು. ಲೇಬರ್ ಪಕ್ಷ ಗೆದ್ದ ಮೇಲೂ ಮೊದಮೊದಲು ತೆಗೆಯಲು ಧೈರ್ಯ ಮಾಡಲಿಲ್ಲ. 2024ರ ಜುಲೈಯಲ್ಲಿ ತೆಗೆಯಿರಿ ಅಂತ ಮತ ಹಾಕಿದ ತನ್ನದೇ ಏಳು ಸಂಸದರನ್ನು ಅಮಾನತು ಮಾಡಿತು.

ಈಗ ಬಸ್ಸಿಗೆ ಬರೋಣ. ನನಗೆ ಎರಡು ನಾಡಿನ ವ್ಯತ್ಯಾಸ ಚೆನ್ನಾಗಿ ಕಂಡದ್ದು ಅಲ್ಲಿ.

ಇಂಗ್ಲೆಂಡಿನಲ್ಲಿ ಪಿಂಚಣಿ ವಯಸ್ಸಿನವರಿಗೆ ಬಸ್ ಪಾಸ್ ಇದೆ. 2008ರ ಏಪ್ರಿಲ್‌ನಿಂದ ಇಡೀ ಇಂಗ್ಲೆಂಡಿನ ಲೋಕಲ್ ಬಸ್ಸುಗಳಲ್ಲಿ ನಡೆಯುತ್ತದೆ. ವಾರದ ದಿನ ಬೆಳಿಗ್ಗೆ ಒಂಬತ್ತೂವರೆಯ ನಂತರ ಪುಕ್ಕಟೆ. ನಮ್ಮ ಸ್ಟಾಪಿನಲ್ಲಿ ಒಂಬತ್ತೂ ಇಪ್ಪತ್ತಕ್ಕೇ ನಾಲ್ಕೈದು ಅಜ್ಜ-ಅಜ್ಜಿಯರು ತಳ್ಳುಗಾಡಿಯ ಚೀಲ ಹಿಡಿದು ನಿಂತಿರುತ್ತಾರೆ. ಬಸ್ಸು ಎರಡು ನಿಮಿಷ ಮೊದಲೇ ಬಂದುಬಿಟ್ಟರೆ ಡ್ರೈವರು ಗಡಿಯಾರ ನೋಡುತ್ತಾನೆ, ಅವರು ಡ್ರೈವರನ್ನು ನೋಡುತ್ತಾರೆ. ಸಾಮಾನ್ಯವಾಗಿ ಹತ್ತಿಸಿಕೊಳ್ಳುತ್ತಾನೆ. ಎಲ್ಲಿಗೆ ಹೋಗುತ್ತಾರೆ? ಕೆಲವರು ಡಾಕ್ಟರ ಹತ್ತಿರ. ಸುಮಾರು ಜನ ಊರಾಚೆಯ ಗಾರ್ಡನ್ ಸೆಂಟರ್‌ಗೆ, ಚಹಾ ಕುಡಿದು, ಕೇಕ್ ತಿಂದು, ಗಿಡ ನೋಡಿ ಬರಲು. ಆ ಪಾಸಿಗೆ ಆದಾಯದ ಮಿತಿ ಇಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರೂ ಅದನ್ನೇ ಮುಟ್ಟಿಸಿ ಹತ್ತುತ್ತಾರೆ. ಯಾರೂ ಬಿಟ್ಟಿ ಅನ್ನುವುದಿಲ್ಲ. ಮುದುಕರು ಸುಮ್ನೆ ತಿರುಗುತ್ತಾರೆ ಅಂತ ಯಾರೂ ವಿಡಿಯೋ ಮಾಡಿ ಹಂಚುವುದಿಲ್ಲ.

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರು ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಅದಾಗಿ ಒಂದು ವಾರಕ್ಕೆ ನನ್ನ ಫೋನು ತುಂಬ ಧರ್ಮಸ್ಥಳದ ಬಸ್ಸಿಗೆ ನೂಕಾಡುವ ಹೆಂಗಸರ ವಿಡಿಯೋಗಳು. ಕಿಟಕಿಯಿಂದ ಸೆರಗು ಹಾಕಿ ಸೀಟು ಹಿಡಿಯುವುದು, ಬಾಗಿಲಲ್ಲಿ ಜಗಳ, ಕೆಳಗೆ ನಗುವ ಚಿತ್ರಗಳು. ಗಾರ್ಡನ್ ಸೆಂಟರ್‌ಗೆ ಹೋಗುವ ಅಜ್ಜಿ ಮುದ್ದು, ಧರ್ಮಸ್ಥಳಕ್ಕೆ ಹೋಗುವ ಅಮ್ಮ ತಮಾಷೆ. ಯಾಕೆ ಹೀಗೆ?

ಇಲ್ಲಿನವರ ಕಣ್ಣಿನಲ್ಲಿ ಮುದುಕರು ದುಡಿದು ದಣಿದವರು. ಅವರ ಪಾಡು ಆಗಲೇ ಲೆಕ್ಕಕ್ಕೆ ಸೇರಿದೆ, ಪಾಸು ಅದರ ರಸೀದಿ. ನಮ್ಮಲ್ಲಿ ಹೆಂಗಸಿನ ಪಾಡು ಲೆಕ್ಕಕ್ಕೇ ಬಂದಿಲ್ಲ. ಐದು ಗಂಟೆಗೆ ಎದ್ದು ಕೊಟ್ಟಿಗೆ, ಒಲೆ, ತೋಟ ಅಂತ ಓಡಾಡುವುದು ಕೆಲಸ ಅಂತ ಯಾರ ಪುಸ್ತಕದಲ್ಲೂ ಬರೆದಿಲ್ಲ. ಹಾಗಾಗಿ ಅವಳಿಗೆ ಸಿಕ್ಕಿದ್ದು ಸುಮ್ನೆ ಸಿಕ್ಕಿದ್ದು ಅನಿಸುತ್ತದೆ.

ನಮ್ಮ ಚಿಕ್ಕಪ್ಪನಿಗೆ ಶಕ್ತಿ ಅಂದರೆ ಆಗುವುದಿಲ್ಲ. "ಸರ್ಕಾರ ಹೆಂಗಸ್ರನ್ನ ಹಾಳು ಮಾಡ್ತು ಮಾರಾಯ" ಅಂತ ವಿಡಿಯೋ ಕಾಲ್‌ನಲ್ಲಿ ಶುರು ಮಾಡುತ್ತಾರೆ. ಅವರದ್ದು ಎರಡು ಎಕರೆ ಅಡಿಕೆ ತೋಟ. ಅದಕ್ಕೆ ನೀರೆತ್ತುವ ಪಂಪ್‌ಸೆಟ್ಟಿನ ಕರೆಂಟಿಗೆ ಬಿಲ್ಲಿಲ್ಲ. 10 ಎಚ್‌ಪಿ ತನಕ ರೈತರ ಪಂಪ್‌ಸೆಟ್ಟಿಗೆ 2008ರಿಂದ ಉಚಿತ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಅದನ್ನು ನೆನಪಿಸಿದರೆ "ಅದು ಬೇರೆ, ನಾವು ಬೆಳೀತೇವೆ" ಅನ್ನುತ್ತಾರೆ. ಹಿಂದಿನಿಂದ ಚಿಕ್ಕಮ್ಮ, ಮುಖ ತೋರಿಸದೆ, "ನಾ ಬೆಳ್ಯದೇ ಇದ್ದದ್ದು ಯಾವಾಗ?" ಅಂತ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಪ್ಪನಿಗೆ ನೆಟ್‌ವರ್ಕ್ ಸರಿ ಇರಲಿಲ್ಲವಂತೆ.

ನಾವು ಎಂಜಿನಿಯರುಗಳು ನಗುವ ಹಾಗಿಲ್ಲ. ತೊಂಬತ್ತರ ದಶಕದಲ್ಲಿ ಸಿಇಟಿ ಬರೆದವರಿಗೆ ಗೊತ್ತು. ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಎರಡಿತ್ತು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಾಲೇಜುಗಳ ಅರ್ಧ ಸೀಟು ಸರ್ಕಾರಿ ಫೀಸಿಗೆ, ಉಳಿದರ್ಧ ಜಾಸ್ತಿ ಫೀಸಿಗೆ ಅಂತ ಮಾಡಿತ್ತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದ ತೀರ್ಪು ಬರುವವರೆಗೂ ಅದೇ ನಡೆಯಿತು. ಪೇಮೆಂಟ್ ಸೀಟಿನ ಹುಡುಗ ಕಟ್ಟಿದ ದುಡ್ಡಿನಲ್ಲಿ ಫ್ರೀ ಸೀಟಿನ ಹುಡುಗನ ಓದು ಸಾಗುತ್ತಿತ್ತು. ಒಬ್ಬರಿಂದ ತಗೊಂಡು ಇನ್ನೊಬ್ಬರಿಗೆ ಕೊಡುವುದು ಅಂದರೆ ಇದೇ ತಾನೆ? ಇಲ್ಲಿ ಸಾಫ್ಟ್‌ವೇರಿನಲ್ಲಿ ಇರುವ ನನ್ನ ವಯಸ್ಸಿನ ಎಷ್ಟೋ ಜನ ಆ ಫ್ರೀ ಸೀಟಿನವರು, ನಾನೂ ಸೇರಿ. ನಮ್ಮಲ್ಲಿ ಯಾರಿಗೂ ಅದು ಸಹಾಯಧನ ಅಂತ ಅನಿಸಲಿಲ್ಲ. ರಾತ್ರಿ ನಿದ್ದೆಗೆಟ್ಟು ಓದಿ ರ‍್ಯಾಂಕ್ ತಗೊಂಡಿದ್ದೆವಲ್ಲ. ಪಾಡು ಪಟ್ಟಿದ್ದೆವು, ಹಾಗಾಗಿ ಅದು ಹಕ್ಕು. ಪೇಮೆಂಟ್ ಸೀಟಿಗೆ ತೋಟ ಅಡವಿಟ್ಟ ಅಪ್ಪಂದಿರ ಪಾಡು ನಮಗೆ ಕಾಣಲಿಲ್ಲ.

ದುಡ್ಡಿಗಿಂತ ನೆಲ ಹೋದಾಗ ಈ ನೋವು ಇನ್ನೂ ಆಳಕ್ಕೆ ಇಳಿಯುತ್ತದೆ. ಅದನ್ನು ಇಂಗ್ಲೆಂಡಿನ ರೈತರಲ್ಲೂ ನೋಡಿದೆ, ನಮ್ಮ ಮನೆಯಲ್ಲೂ ನೋಡಿದ್ದೆ.

ಇಲ್ಲಿ ಸತ್ತವರ ಆಸ್ತಿಯ ಮೇಲೆ ತೆರಿಗೆ ಇದೆ. 3,25,000 ಪೌಂಡ್ ತನಕ ಏನೂ ಇಲ್ಲ. ವಾಸದ ಮನೆ ಮಕ್ಕಳಿಗೆ ಹೋಗುವುದಾದರೆ ಇನ್ನೂ 1,75,000 ವಿನಾಯಿತಿ. ಗಂಡ-ಹೆಂಡತಿ ಇಬ್ಬರದ್ದೂ ಕೂಡಿದರೆ ಹತ್ತು ಲಕ್ಷ ಪೌಂಡಿನವರೆಗೆ ತೆರಿಗೆ ಬೀಳದೆ ದಾಟಿಸಬಹುದು. ಆಮೇಲಿನದಕ್ಕೆ 40%. ನೂರು ಸಾವಿನಲ್ಲಿ ಐದಕ್ಕೂ ಇದು ತಟ್ಟುವುದಿಲ್ಲ. ಆದರೆ ಜನ ದ್ವೇಷಿಸುವ ತೆರಿಗೆಗಳಲ್ಲಿ ಇದು ಮೊದಲ ಸಾಲಿನದು. ಪರದೆಯ ಕಥೆ ಹೇಳಿದ ಅದೇ ಆಸ್ಬರ್ನ್ 2007ರಲ್ಲಿ, ಇನ್ನೂ ವಿರೋಧ ಪಕ್ಷದಲ್ಲಿದ್ದಾಗ, ಮಿತಿಯನ್ನು ಹತ್ತು ಲಕ್ಷಕ್ಕೆ ಏರಿಸುತ್ತೇನೆ ಅಂದರು. ಜನರ ಒಲವು ಎಷ್ಟು ಬದಲಾಯಿತೆಂದರೆ ಪ್ರಧಾನಿ ಗಾರ್ಡನ್ ಬ್ರೌನ್ ಬೇಗ ಚುನಾವಣೆ ಮಾಡುವ ಯೋಚನೆಯನ್ನೇ ಕೈಬಿಟ್ಟರು. ಭಾರತದಲ್ಲೂ 1953ರಿಂದ ಇಂಥ ತೆರಿಗೆ ಇತ್ತು, ವಿ.ಪಿ. ಸಿಂಗ್ ಹಣಕಾಸು ಮಂತ್ರಿಯಾಗಿದ್ದಾಗ 1985ರಲ್ಲಿ ಹೋಯಿತು. 2024ರ ಲೋಕಸಭಾ ಚುನಾವಣೆ ನಡುವೆ ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದ ಇಂಥ ತೆರಿಗೆಯ ಬಗ್ಗೆ ಬಾಯಿ ಬಿಟ್ಟದ್ದೇ ತಡ, ಅವರ ಪಕ್ಷವೇ ಅದು ನಮ್ಮ ಮಾತಲ್ಲ ಅಂತ ದೂರ ಸರಿಯಬೇಕಾಯಿತು. ಒಂದು ಸೈಟೂ ಇಲ್ಲದವರು ಕೂಡ ಆಗ ಬೈದರು.

ಯಾಕಂದರೆ ಆ ತೆರಿಗೆ ಸಾಯುವ ಹೊತ್ತಿಗೆ ಬರುತ್ತದೆ. ನಾನು ಬೆವರು ಸುರಿಸಿದ್ದು ಮಕ್ಕಳಿಗಾಗಿ ಅಂತ ಮನುಷ್ಯ ತನಗೆ ತಾನೇ ಹೇಳಿಕೊಂಡು ಬದುಕಿರುತ್ತಾನೆ. ಅಲ್ಲಿಗೆ ಸರ್ಕಾರ ಕೈ ಹಾಕಿದರೆ ಇಡೀ ಬದುಕಿನ ಕಾರಣಕ್ಕೇ ಕೈ ಹಾಕಿದ ಹಾಗೆ.

2024ರ ಅಕ್ಟೋಬರ್ ಬಜೆಟ್‌ನಲ್ಲಿ ಲೇಬರ್ ಸರ್ಕಾರದ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಹೊಲಗದ್ದೆಗಳಿಗೆ ಇದ್ದ ಪೂರ್ತಿ ವಿನಾಯಿತಿಯನ್ನು ಹತ್ತು ಲಕ್ಷ ಪೌಂಡಿಗೆ ಕಟ್ಟಿಹಾಕಿದರು. ಅದರ ಮೇಲೆ 20%. ನವೆಂಬರ್ 19ರಂದು ಸಾವಿರಾರು ರೈತರು ಲಂಡನ್ನಿಗೆ ಬಂದರು. ಪುಟ್ಟ ಮಕ್ಕಳು ಆಟಿಕೆ ಟ್ರ್ಯಾಕ್ಟರ್ ತುಳಿಯುತ್ತಾ ಪಾರ್ಲಿಮೆಂಟ್ ಚೌಕದ ಸುತ್ತ ಹೋದರು. ಸರ್ಕಾರದವರು ಟಿವಿಯಲ್ಲಿ ಕೂತು ಇಂತಿಷ್ಟು ಜನಕ್ಕೆ ಮಾತ್ರ ತಟ್ಟುತ್ತದೆ, ಕಟ್ಟಲು ಹತ್ತು ವರ್ಷ ಸಮಯ ಇದೆ ಅಂತ ಲೆಕ್ಕ ಒಪ್ಪಿಸಿದರು. ಲೆಕ್ಕ ಸರಿಯೇ ಇದ್ದಿರಬಹುದು. ಕೇಳಲು ಅಲ್ಲಿ ಯಾರೂ ಬಂದಿರಲಿಲ್ಲ. ನಾಲ್ಕು ತಲೆಮಾರು ದುಡಿದ ನೆಲದಲ್ಲಿ ತಾನು ಕಡೆಯವನಾಗಬಾರದು ಅಂತ ಬಂದವರು ಅವರು.

ಟಿವಿ ನೋಡುತ್ತಾ ನನಗೆ ಅಜ್ಜಿಯ ನೆನಪಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಕೊಟ್ಟ ನೆಲವೆಲ್ಲ ಸರ್ಕಾರಕ್ಕೆ, ಅಲ್ಲಿಂದ ಉಳುವವನಿಗೆ. ಒಕ್ಕಲು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿ ತೀರ್ಮಾನ ಮಾಡಬೇಕು. ನಮ್ಮ ಕಡೆ ಇವತ್ತಿಗೂ "ಡಿಕ್ಲರೇಶನ್‌ನಲ್ಲಿ ಹೋಯ್ತು" ಅನ್ನುತ್ತಾರೆ. ನಮ್ಮ ಮನೆಯದ್ದು ದೊಡ್ಡ ಜಮೀನ್ದಾರಿಕೆ ಏನಲ್ಲ. ಕೆರೆಯ ಕೆಳಗಿನ ಗದ್ದೆ ಹೋಯಿತು, ಮನೆ ಸುತ್ತಲಿನ ತೋಟ ಉಳಿಯಿತು. ನಾನು ಹುಟ್ಟುವ ಮೊದಲಿನ ಮಾತು. ಆದರೆ ನಾನು ಹೈಸ್ಕೂಲಿಗೆ ಹೋಗುವ ಕಾಲಕ್ಕೂ ಅಜ್ಜಿ ಆ ದಾರಿಯಲ್ಲಿ ಹೋಗುತ್ತಿರಲಿಲ್ಲ. ಪೇಟೆಗೆ ಹೋಗಲು ಗುಡ್ಡ ಸುತ್ತಿ ಬರುತ್ತಿದ್ದಳು. ಆ ಗದ್ದೆ ಸಿಕ್ಕಿದ ಮನೆಯ ಮಗ ಓದಿ ಮೇಷ್ಟ್ರಾದರು. ನನಗೆ ಗಣಿತ ಹೇಳಿಕೊಟ್ಟವರು ಅವರೇ. ಅಜ್ಜಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ನನ್ನ ಮಾರ್ಕ್ಸ್ ಕೇಳಿ ಅವರನ್ನೇ ಹೊಗಳುತ್ತಿದ್ದಳು. "ಕೊಡಬಾರ್ದು ಅಂತಲ್ಲ ತಮಾ, ಒಂದ್ ಮಾತು ಕೇಳಿ ತಗೊಳ್ಳಬಹುದಿತ್ತು" ಅನ್ನುವುದು ಅವಳ ಒಂದೇ ದೂರು.

ಆ ಕಾನೂನು ಸರಿ ಅಂತಲೇ ನನ್ನ ಅಭಿಪ್ರಾಯ. ಕೇಳಿದ್ದರೆ ನಮ್ಮ ಅಜ್ಜ ಕೊಡುತ್ತಿದ್ದರಾ? ನನಗೆ ಅನುಮಾನ. ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ. ಕೊಡುವ ಕೊಳಗ ಒಂದು, ಅಳೆಸಿಕೊಳ್ಳುವ ಕೊಳಗ ಅದಕ್ಕಿಂತ ದೊಡ್ಡದು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾದ ಮೇಲೆ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ತಲೆತಲಾಂತರದಿಂದ ಅಳೆಸಿಕೊಂಡವರ ಪಾಡಿನ ಮುಂದೆ ನಮ್ಮ ಗದ್ದೆಯ ದುಃಖ ಸಣ್ಣದು. ಆದರೂ ಸಣ್ಣ ದುಃಖವೂ ದುಃಖವೇ. ಅದನ್ನು ದುರಾಸೆ ಅಂತ ಕರೆದರೆ ಅದು ಐವತ್ತು ವರ್ಷ ಮನೆಯೊಳಗೆ ಹುಳಿಯುತ್ತದೆ. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳ ಮೊಮ್ಮಕ್ಕಳು ಇವತ್ತು ಲಂಡನ್ನಿನಲ್ಲಿ ಕೂತು ಎರಡು ಸಾವಿರ ರೂಪಾಯಿ ಗೃಹಲಕ್ಷ್ಮಿಯನ್ನು ಬೈಯುವಾಗ ನನಗೆ ಆ ಹಳೇ ಡಿಕ್ಲರೇಶನ್ ಕೇಳಿಸುತ್ತದೆ.

ವಿರೋಧಿಸುವವರದ್ದು ಮಾತ್ರ ಭಾವನೆ, ಬೆಂಬಲಿಸುವವರದ್ದು ಶುದ್ಧ ನ್ಯಾಯ ಅಂತ ತಿಳಿಯಬೇಡಿ. 2017ರಲ್ಲಿ ಅಮೆರಿಕ, ಭಾರತ, ಬ್ರಿಟನ್, ಇಸ್ರೇಲಿನ ಆರು ಸಾವಿರದಷ್ಟು ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಹಂಚಿಕೆಗೆ ಹೂಂ ಅನ್ನಿಸುವುದು ಮುಖ್ಯವಾಗಿ ಮೂರು: ಕನಿಕರ, ಹೊಟ್ಟೆಕಿಚ್ಚು, ಸ್ವಂತ ಲಾಭ. ನ್ಯಾಯದ ಒಲವು ಅಂತ ನಾವು ಹೇಳಿಕೊಳ್ಳುವುದಕ್ಕೆ ಅಷ್ಟು ಪಾತ್ರ ಕಾಣಲಿಲ್ಲ. ಬಡವರಿಗೆ ಸಿಗುವುದು ಕಡಿಮೆಯಾದರೂ ಚಿಂತಿಲ್ಲ, ಶ್ರೀಮಂತರ ಮೇಲೆ ತೆರಿಗೆ ಜಾಸ್ತಿ ಹಾಕಿ ಅಂದವರು ಅಮೆರಿಕ, ಭಾರತ, ಬ್ರಿಟನ್ ಮೂರೂ ಕಡೆ 14ರಿಂದ 18 ಶೇಕಡಾ ಇದ್ದರು. ನನ್ನ ಕೆಲವು ಕ್ರಾಂತಿಕಾರಿ ಗೆಳೆಯರ ಮುಖ ಕಣ್ಣ ಮುಂದೆ ಬಂತು. ಹೆಸರು ಹೇಳುವುದಿಲ್ಲ.

ಎಲ್ಲ ವಿರೋಧವೂ ಭಾವನೆಯದ್ದಲ್ಲ ಎಂಬುದನ್ನೂ ಒಪ್ಪಬೇಕು. ಕರ್ನಾಟಕದ 2024-25ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ರೂಪಾಯಿ ಇಟ್ಟರು. ಅಷ್ಟು ದುಡ್ಡಿಗೆ ರಸ್ತೆ ಎಲ್ಲಿ, ಶಾಲೆ ಎಲ್ಲಿ ಅಂತ ಕೇಳುವುದು ಹೊಟ್ಟೆಕಿಚ್ಚಲ್ಲ. ಬೆಂಗಳೂರಿನ ಆಟೋದವರದ್ದು ಇನ್ನೂ ನೇರ ಪ್ರಶ್ನೆ. ಶಕ್ತಿ ಬಂದ ಮೇಲೆ ಅವರ ದಿನದ ಬಾಡಿಗೆ ಬಿತ್ತು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರೆಲ್ಲ ಸೇರಿ ಬಂದ್ ಮಾಡಿದರು. ಅವರೂ ಬಡವರೇ. ಒಬ್ಬ ಬಡವಳಿಗೆ ಕೊಟ್ಟದ್ದು ಇನ್ನೊಬ್ಬ ಬಡವನ ಜೇಬಿನಿಂದ ಹೋಯಿತು. ಇದನ್ನು ಹೆಂಗಸರ ಮೇಲಿನ ದ್ವೇಷ ಅಂತ ತಳ್ಳಿಹಾಕಿದವರನ್ನು ನೋಡಿ ನನಗೆ ಬೇಸರವಾಯಿತು.

ಹಾಗಾದರೆ ಇಂಗ್ಲೆಂಡಿನಿಂದ ಕಲಿಯುವುದಿದೆಯಾ? ಒಂದಿದೆ. ಎಲ್ಲರಿಗೂ ಸಿಗುವುದರ ಮೇಲೆ ಸಿಟ್ಟು ಬರುವುದು ಕಡಿಮೆ. ಎನ್‌ಎಚ್‌ಎಸ್ ಅಂದರೆ ಎಲ್ಲರಿಗೂ ಚಿಕಿತ್ಸೆ ಕೊಡುವ ಸರ್ಕಾರಿ ಆರೋಗ್ಯ ಸೇವೆ, ಅದು 1948ರಿಂದ ಇದೆ. ಬೆನಿಫಿಟ್ಸ್ ಅಂದರೆ ಮೂಗು ಮುರಿಯುವ ಅದೇ ಮನುಷ್ಯ ತನ್ನ ಮಂಡಿ ಆಪರೇಷನ್ನಿನ ಪಾಳಿಗಾಗಿ ತಿಂಗಳುಗಟ್ಟಲೆ ಕಾಯುತ್ತಾ ಎನ್‌ಎಚ್‌ಎಸ್ಸನ್ನು ಮುಟ್ಟಿದರೆ ಜೋಕೆ ಅನ್ನುತ್ತಾನೆ. ಪಕ್ಕದವನೂ ಅದೇ ಸಾಲಿನಲ್ಲಿ ಕಾಯುತ್ತಿದ್ದಾನೆ, ಇಬ್ಬರ ಪಾಡೂ ಒಂದೇ. ಗೆರೆ ಎಳೆದ ಕಡೆ ಜಗಳ. ಚಳಿಗಾಲದ ಹೀಟಿಂಗಿಗೆ ಮುದುಕರೆಲ್ಲರಿಗೂ ಕೊಡುತ್ತಿದ್ದ 200-300 ಪೌಂಡನ್ನು 2024ರಲ್ಲಿ ತೀರಾ ಬಡವರಿಗೆ ಮಾತ್ರ ಅಂತ ಮಾಡಿದಾಗ ಇಡೀ ದೇಶ ಸರ್ಕಾರದ ಮೇಲೆ ಬಿತ್ತು. ನಮ್ಮ ಗೃಹಜ್ಯೋತಿ ಬೆಂಗಳೂರಿನ ಫ್ಲ್ಯಾಟುಗಳಿಗೂ ಬಂದಿದೆ. ಅದನ್ನು ಬೈಯುವವರು ನನಗೆ ಅಷ್ಟಾಗಿ ಸಿಕ್ಕಿಲ್ಲ. ಸೊನ್ನೆ ಬಿಲ್ಲು ಫ್ರಿಜ್ಜಿಗೆ ಅಂಟಿಸಿಕೊಂಡೇ ಫ್ರೀ ಬಸ್ಸನ್ನು ಬೈಯುವವರು ಬೇಕಾದಷ್ಟು ಸಿಕ್ಕಿದ್ದಾರೆ.

ಕಲಿಯಬಾರದ್ದು ಇನ್ನೊಂದು. ಇಲ್ಲಿ ಯಾರ ನೋವನ್ನು ಸರ್ಕಾರ ಕೇಳಿತು ಅಂತ ಸುಮ್ನೆ ತಾರೀಕು ನೋಡಿ. ಮುದುಕರ ಹೀಟಿಂಗ್ ದುಡ್ಡು ಒಂದು ವರ್ಷ ತುಂಬುವ ಮೊದಲೇ, 2025ರ ಜೂನ್‌ನಲ್ಲಿ, ವಾಪಸ್ಸಾಯಿತು. ವರ್ಷಕ್ಕೆ 35,000 ಪೌಂಡ್ ಆದಾಯದವರೆಗೆ ಎಲ್ಲರಿಗೂ. ರೈತರ ಹತ್ತು ಲಕ್ಷದ ಮಿತಿ 2025ರ ಡಿಸೆಂಬರ್‌ನಲ್ಲಿ ಇಪ್ಪತ್ತೈದು ಲಕ್ಷವಾಯಿತು, ಆ ನಿಯಮ ಜಾರಿಗೆ ಬರುವುದಕ್ಕೂ ಮೊದಲೇ. ಮೂರನೆಯ ಮಗುವಿನ ಮನೆಗಳ ಮಿತಿ ತೆಗೆಯುತ್ತೇವೆ ಅಂತ ಹೇಳಿದ್ದು 2025ರ ನವೆಂಬರ್ ಬಜೆಟ್‌ನಲ್ಲಿ, ಅದೂ 2026ರ ಏಪ್ರಿಲ್‌ನಿಂದ. ಒಂಬತ್ತು ವರ್ಷ ಹಿಡಿಯಿತು. ಆ ಮನೆಗಳಿಗೆ ಟ್ರ್ಯಾಕ್ಟರ್ ಇರಲಿಲ್ಲ, ಮತ ಹಾಕಲು ತಪ್ಪದೆ ಹೋಗುವ ಅಜ್ಜ-ಅಜ್ಜಿಯರ ಬಲವೂ ಇರಲಿಲ್ಲ.